ಎಮಿಕ್ ನೋಟದ ಎಲ್ಲೆ: ಮಿಷನರಿ ಭಾಷಾವಿಜ್ಞಾನ ಶಿಕ್ಷಣದ ಒಂದು ವಿಮರ್ಶೆ

ಅನ್ಯಸಂಸ್ಕೃತಿಗಳ ನಡುವೆ ಕೆಲಸ ಮಾಡಲು ಹೊರಡುವ ಕ್ರೈಸ್ತ ಮಿಷನರಿಗಳನ್ನು ಸಿದ್ಧಗೊಳಿಸುವ ಸ್ನಾತಕೋತ್ತರ ಶಿಕ್ಷಣವನ್ನು ಭಾಷಾವಿಜ್ಞಾನಿಗಳು ಬಹುಮಟ್ಟಿಗೆ ಎರಡು ರೀತಿಯಲ್ಲಿ ಕಂಡಿದ್ದಾರೆ. ಅದರ ಫಲಗಳನ್ನು ಬಳಸಿಕೊಂಡು ಉದ್ದೇಶದ ಬಗ್ಗೆ ಮೌನ ತಾಳುವುದು ಒಂದು. ಉದ್ದೇಶವನ್ನು ಖಂಡಿಸಿ ಪಠ್ಯಕ್ರಮವನ್ನು ಓದದೆ ಬಿಡುವುದು ಇನ್ನೊಂದು. ಎರಡರಲ್ಲೂ ಮುಖ್ಯವಾದ ಒಂದು ಪ್ರಶ್ನೆ ಮರೆಯಾಗುತ್ತದೆ: ಆ ಶಿಕ್ಷಣವು ಭಾಷೆಯನ್ನು ಏನೆಂದು ಕಲಿಸುತ್ತದೆ? ಎಸ್‌ಐಎಲ್ ಎಂದು ಪ್ರಸಿದ್ಧವಾದ ಸಮ್ಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್ ಪರಂಪರೆಯನ್ನು ಮುಂದಿಟ್ಟುಕೊಂಡು ನಾವು ಇಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುತ್ತೇವೆ.

ಗ್ವಾಟೆಮಾಲದ ಕಕ್ಚಿಕೆಲ್ ಭಾಷೆಗೆ ಹೊಸ ಒಡಂಬಡಿಕೆಯನ್ನು ತಂದ ಕ್ಯಾಮೆರಾನ್ ಟೌನ್‌ಸೆಂಡ್ 1934ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಆರಂಭಿಸಿದ ಬೇಸಿಗೆ ಶಿಬಿರವೇ ಈ ಪರಂಪರೆಯ ಮೂಲ. 1942ರಿಂದ ಅದರ ತರಗತಿಗಳು ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ನಡೆದವು. ಇಂದು ಅದೇ ಪರಂಪರೆಗೆ ಸೇರಿದ ಡಲ್ಲಾಸ್ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಅನ್ವಯಿಕ ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ನೀಡುತ್ತಿದೆ. ಇದು ಶಾಸ್ತ್ರದ ಅಂಚಿನಲ್ಲಿ ನಡೆದ ಕೆಲಸವಲ್ಲ. ಶಿಬಿರದ ಆರಂಭದ ವರ್ಷಗಳಲ್ಲಿಯೇ ಬಂದು ಸೇರಿದ ಕೆನೆತ್ ಪೈಕ್ ಮತ್ತು ಯೂಜೀನ್ ನೈಡಾ ಕ್ರಮವಾಗಿ 1961 ಮತ್ತು 1968ರಲ್ಲಿ ಅಮೆರಿಕದ ಭಾಷಾವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದರು. ಎಸ್‌ಐಎಲ್ 1951ರಲ್ಲಿ ಆರಂಭಿಸಿದ ಎತ್ನೊಲಾಗ್ ಇಂದಿಗೂ ನಮ್ಮ ಆಕರ. 2007ರಲ್ಲಿ ಜಾರಿಗೆ ಬಂದ ಐಎಸ್‌ಒ 639-3 ಭಾಷಾಸಂಕೇತಗಳ ನಿರ್ವಹಣೆಯೂ ಅದರದೇ.

ಇದಕ್ಕೆ ಎದುರಾದ ಆಕ್ಷೇಪಗಳೂ ಅಷ್ಟೇ ಗಂಭೀರ. 1971ರ ಬಾರ್ಬಡೋಸ್ ಘೋಷಣೆಯಲ್ಲಿ ಮಾನವಶಾಸ್ತ್ರಜ್ಞರು ಲ್ಯಾಟಿನ್ ಅಮೆರಿಕದ ಮೂಲನಿವಾಸಿಗಳ ನಡುವಿನ ಮಿಷನರಿ ಚಟುವಟಿಕೆ ನಿಲ್ಲಬೇಕೆಂದು ಕೇಳಿದರು. 1979ರಲ್ಲಿ ಮೆಕ್ಸಿಕೊ ಸರ್ಕಾರ ಎಸ್‌ಐಎಲ್ ಜೊತೆಗಿನ ಒಪ್ಪಂದವನ್ನು ಕೊನೆಗೊಳಿಸಿತು. 2009ರಲ್ಲಿ ಲೈಸ್ ಡೋಬ್ರಿನ್ ಮತ್ತು ಜೆಫ್ ಗುಡ್ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಈ ಸಂಬಂಧವನ್ನು ಶಾಸ್ತ್ರದ ಒಳಗಿನಿಂದಲೇ ಪ್ರಶ್ನಿಸಿದರು. ಆದರೆ ಈ ಚರ್ಚೆ ಹೆಚ್ಚಾಗಿ ಸಂಸ್ಥೆಗಳ ನಡುವಿನ ಸಂಬಂಧವನ್ನು ಕುರಿತದ್ದು. ತರಗತಿಯಲ್ಲಿ ರೂಪುಗೊಳ್ಳುವ ಭಾಷಾದೃಷ್ಟಿಯನ್ನು ಪ್ರತ್ಯೇಕವಾಗಿ ನೋಡಬೇಕಾಗಿದೆ.

ಆ ದೃಷ್ಟಿಯ ಶಕ್ತಿ ಇರುವುದು ಎಮಿಕ್ ಪರಿಕಲ್ಪನೆಯಲ್ಲಿ. ಹೊರಗಿನವನ ಕಿವಿಗೆ ಕೇಳುವ ಭೇದಗಳಿಗಿಂತ ಭಾಷಿಕರಿಗೆ ಅರ್ಥಪೂರ್ಣವಾದ ಭೇದಗಳೇ ವಿಶ್ಲೇಷಣೆಯ ಆಧಾರವಾಗಬೇಕೆಂಬ ಧ್ವನಿಮಾ ತತ್ತ್ವವನ್ನು ಪೈಕ್ 1954ರ ತಮ್ಮ ಗ್ರಂಥದಲ್ಲಿ ಮಾನವ ವರ್ತನೆಗೆಲ್ಲ ವಿಸ್ತರಿಸಿದರು. ಇದರ ಬೆಲೆ ಎಷ್ಟೆಂಬುದಕ್ಕೆ ತುಳುವಿನ ಉದಾಹರಣೆ ಸಾಕು. ತುಳುವಿನಲ್ಲಿ ಪದಾಂತ್ಯದ ಸಂವೃತ ಎ-ಕಾರ ಮತ್ತು ವಿವೃತ ಎ-ಕಾರಗಳ ವ್ಯತ್ಯಾಸವು ಕ್ರಿಯಾಪದದ ಉತ್ತಮ ಪುರುಷವನ್ನು ಪ್ರಥಮ ಪುರುಷದಿಂದ ಬೇರ್ಪಡಿಸುತ್ತದೆ. ಬಾಸೆಲ್ ಮಿಷನ್ ತುಳು ಮುದ್ರಣಕ್ಕೆ ಬಳಸಿದ ಕನ್ನಡ ಲಿಪಿಯಲ್ಲಿ ಈ ವ್ಯತ್ಯಾಸಕ್ಕೆ ಬೇರೆ ಚಿಹ್ನೆಯಿಲ್ಲ. ಪೈಕ್ ಅವರ ಕ್ರಮದಲ್ಲಿ ತರಬೇತಿ ಪಡೆದ ವಿದ್ಯಾರ್ಥಿ ಇಂಥ ಭೇದವನ್ನು ಕೈಬಿಡಲಾರ.

ಹೀಗಿದ್ದರೂ ಪಠ್ಯಕ್ರಮದಲ್ಲಿ ಎಮಿಕ್ ನೋಟ ಒಂದು ಗಡಿಯಲ್ಲಿ ನಿಲ್ಲುತ್ತದೆ. ಧ್ವನಿ, ವ್ಯಾಕರಣ, ಬಂಧುತ್ವ, ಆಚರಣೆ ಇವೆಲ್ಲವನ್ನೂ ಭಾಷಿಕರ ವರ್ಗಗಳಲ್ಲಿಯೇ ಗ್ರಹಿಸಬೇಕು. ಆದರೆ ತಲುಪಿಸಬೇಕಾದ ಸಂದೇಶ ಮಾತ್ರ ವಿಶ್ಲೇಷಣೆಗೆ ಮುಂಚೆಯೇ ನಿಶ್ಚಿತವಾಗಿರುತ್ತದೆ. ನೈಡಾ 1964ರಲ್ಲಿ ವಿವರಿಸಿದ ಚಲನಶೀಲ ಸಮಾನತೆಯ ಸಿದ್ಧಾಂತ ಈ ಗಡಿಯ ಸೈದ್ಧಾಂತಿಕ ರೂಪ. ಓದುಗನ ಪ್ರತಿಕ್ರಿಯೆಗೆ ಅದು ಕೊಟ್ಟ ಮನ್ನಣೆ ಅನುವಾದಶಾಸ್ತ್ರಕ್ಕೆ ದೊಡ್ಡ ಲಾಭವೇ ಸರಿ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಕನಿಕರವನ್ನು ಸೂಚಿಸುವ ಒಂದು ಕ್ರಿಯಾಪದ ಒಳಾಂಗವೆಂಬ ಅರ್ಥದ ನಾಮಪದದಿಂದ ಹುಟ್ಟಿದ್ದು. ಕನ್ನಡದಲ್ಲಿಯೂ ಮರುಗುವುದು ಕರುಳೇ. ಇಂಥ ಹೊಂದಿಕೆಯನ್ನು ಕಾಣಲು ಉದ್ದಿಷ್ಟ ಭಾಷೆಯ ಒಳವಿನ್ಯಾಸ ತಿಳಿದಿರಬೇಕು. ಆದರೆ ಹೊಂದಿಕೆಯೇ ಇಲ್ಲದ ಕಡೆ ಈ ಸಿದ್ಧಾಂತ ಅದನ್ನು ಪರಿಹರಿಸಬೇಕಾದ ತೊಡಕೆಂದು ಕಾಣುತ್ತದೆ. ಅದು ಆ ಭಾಷೆ ಕೊಡುತ್ತಿರುವ ಉತ್ತರವೂ ಆಗಿರಬಹುದೆಂದು ವಿದ್ಯಾರ್ಥಿಗೆ ಕಲಿಸುವುದಿಲ್ಲ.

ಡೇನಿಯಲ್ ಎವರೆಟ್ ಅವರ ಪ್ರಸಂಗ ಇಲ್ಲಿ ಮುಖ್ಯವಾಗುತ್ತದೆ. ಎಸ್‌ಐಎಲ್‌ನಲ್ಲಿ ತರಬೇತಿ ಪಡೆದು 1977ರಲ್ಲಿ ಬ್ರೆಜಿಲ್‌ನ ಪಿರಹಾ ಜನರ ನಡುವೆ ನೆಲೆಸಿದ ಅವರಿಗೆ, ಕಣ್ಣಾರೆ ಕಂಡವರ ಸಾಕ್ಷ್ಯವಿಲ್ಲದ ಮಾತಿಗೆ ಅಲ್ಲಿ ಬೆಲೆಯಿಲ್ಲವೆಂಬುದು ಅರಿವಾಯಿತು. ಕೊನೆಗೆ ತಮ್ಮ ನಂಬಿಕೆಯನ್ನೇ ತೊರೆದುದನ್ನು ಅವರು 2008ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಪಿರಹಾ ವ್ಯಾಕರಣದ ಬಗೆಗಿನ ಅವರ ವಾದಗಳು ಇನ್ನೂ ವಿವಾದಾಸ್ಪದ. ನಮ್ಮ ಗಮನ ಅವುಗಳ ಮೇಲಿಲ್ಲ. ಎಮಿಕ್ ಕ್ರಮವನ್ನು ಕೊನೆಯವರೆಗೂ ಪಾಲಿಸಿದರೆ ಅದು ಸಂದೇಶವನ್ನೂ ಪ್ರಶ್ನೆಗೆ ಒಳಪಡಿಸುತ್ತದೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಕನ್ನಡದ ಅನುಭವ ಈ ಚಿತ್ರವನ್ನು ಬೇರೊಂದು ಕಡೆಯಿಂದ ತೋರಿಸುತ್ತದೆ. ಬಾಸೆಲ್‌ನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಪ್ರಕಟಿಸಿದರು; 1903ರ ಅವರ ವ್ಯಾಕರಣಕ್ಕೂ ಕೇಶಿರಾಜನೇ ಆಧಾರ. ಮಿಷನ್ನಿನ ತಕ್ಷಣದ ಅಗತ್ಯವನ್ನು ಮೀರಿದ ಈ ಕೆಲಸ ಅವರ ವ್ಯಕ್ತಿಗುಣದ ಫಲವಷ್ಟೇ ಅಲ್ಲ. ಕನ್ನಡಕ್ಕೆ ತನ್ನದೇ ಶಾಸ್ತ್ರಕಾರರಿದ್ದರು. ಬಂದವನು ಅವರ ಶಿಷ್ಯನಾಗದೆ ಗತ್ಯಂತರವಿರಲಿಲ್ಲ. ಭಾಷೆಗಳನ್ನು ಬರಹಕ್ಕೆ ಇಳಿಸುವ ತಂತ್ರವೆಂಬ ಅರ್ಥದ ಉಪಶೀರ್ಷಿಕೆ ಹೊತ್ತ ಪೈಕ್ ಅವರ 1947ರ ಕೈಪಿಡಿ ಅಂಥ ಶಾಸ್ತ್ರಕಾರರಿಲ್ಲದ ಭಾಷೆಗಳಿಗಾಗಿ ಸಿದ್ಧವಾದದ್ದು. ಅಲ್ಲಿ ವಿಶ್ಲೇಷಕನಿಗೆ ಎದುರಾಡುವ ಕೇಶಿರಾಜನಿಲ್ಲ. ಮೊದಲ ಮುದ್ರಿತ ಗ್ರಂಥವೇ ಅನುವಾದವಾಗಿರುವ ಕಡೆ ಆ ಅನುವಾದದ ವಾಕ್ಯರಚನೆ ಬರಹದ ಮಾದರಿಯಾಗುತ್ತದೆ. ಮುಂದೆ ಅದೇ ನಮ್ಮ ತೌಲನಿಕ ಅಧ್ಯಯನಗಳ ಸಮಾನಾಂತರ ಪಠ್ಯಕೋಶಕ್ಕೂ ಸೇರುತ್ತದೆ. ಆದ್ದರಿಂದ ಈ ಪ್ರಶ್ನೆ ಮಿಷನರಿಗಳಿಗಷ್ಟೇ ಸಂಬಂಧಿಸಿದ್ದಲ್ಲ.

ಇದರಿಂದ ಎರಡು ಮಾತು ಹೊರಡುತ್ತವೆ. ಮೊದಲನೆಯದಾಗಿ, ಇಂಥ ಶಿಕ್ಷಣವು ಭಾಷಿಕರು ತಮ್ಮ ಭಾಷೆಯ ಬಗ್ಗೆ ಹೊಂದಿರುವ ತಿಳಿವಳಿಕೆಯನ್ನೂ, ಅವರು ಒಪ್ಪದ ಅನುವಾದಗಳನ್ನೂ, ಒಪ್ಪದಿರಲು ಕೊಡುವ ಕಾರಣಗಳನ್ನೂ ದತ್ತವೆಂದು ದಾಖಲಿಸಲು ಕಲಿಸಬೇಕು. ಇದು ಪೈಕ್ ಅವರ ತತ್ತ್ವಕ್ಕೆ ಹೊರಗಿನಿಂದ ಸೇರಿಸುವ ಬೇಡಿಕೆಯಲ್ಲ, ಅದರ ತಾರ್ಕಿಕ ಮುಂದುವರಿಕೆ. ಎರಡನೆಯದಾಗಿ, ಸಂದೇಶವಿಲ್ಲವೆಂದು ನಂಬಿರುವ ನಮ್ಮ ವಿಭಾಗಗಳೂ ಈ ಪರೀಕ್ಷೆಗೆ ಹೊರತಲ್ಲ. ಸಿದ್ಧ ಪ್ರಶ್ನಾವಳಿಯೊಡನೆ ಹಳ್ಳಿಗೆ ಹೋಗುವ ಸಂಶೋಧನಾ ವಿದ್ಯಾರ್ಥಿಯ ಕೈಯಲ್ಲಿಯೂ ಮುಂಚೆಯೇ ನಿಶ್ಚಿತವಾದದ್ದೊಂದು ಇರುತ್ತದೆ. ಪ್ರಶ್ನಾವಳಿಗೆ ಹೊಂದದ ಉತ್ತರವನ್ನು ಅವನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆಯೇ ಎಂದು ಮಾರ್ಗದರ್ಶಕರು ಕೇಳಬೇಕಾಗಿದೆ.