ಕಿಟಕಿಯ ಕೆಳಗೆ ಪರಸಿ

ತೆಲಂಗಾಣದ ನಾರ್ವ, ಮಕ್ತಲ್, ಗದ್ವಾಲ ಕಡೆಯ ಹಳೆಯ ಮನೆಗಳಲ್ಲಿ ಗೋಡೆ ಗಟ್ಟಿಯಾಗಿಯೇ ನಿಂತಿರುತ್ತದೆ. ಸೋಲುವುದು ಆಮೇಲೆ ಕೂಡಿಸಿದ ಕಿಟಕಿಯ ಕಾಂಕ್ರೀಟ್ ಸಿಲ್. ಅಂಚು ಉದುರಿ, ತುಕ್ಕು ಹಿಡಿದ ಸರಳು ಇಣುಕಿ, ಗಿಲಾವಿನ ಮೇಲೆ ಕಂದು ಕಲೆ ಇಳಿದಿರುತ್ತದೆ.

ಗೌಂಡಿ ಸಿಮೆಂಟು ಮೆತ್ತಿ ಹೋಗುತ್ತಾನೆ. ಅದು ದುಡ್ಡು ದಂಡ. ಸರಳಿನ ಮೇಲೆ ಸಾಕಷ್ಟು ದಪ್ಪ ಕಾಂಕ್ರೀಟ್ ಇರಬೇಕೆಂದು ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ತೆಳ್ಳನೆಯ ಸಿಲ್‌ನಲ್ಲಿ ಅಷ್ಟು ಎಲ್ಲಿ ಸಿಗಬೇಕು? ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಸರಳನ್ನು ಕಾಯುವ ಕ್ಷಾರವನ್ನು ಕಳೆಯುತ್ತದೆ, ಮಳೆನೀರು ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಮೇಲೆ ಮೆತ್ತಿದ್ದು ನಿಲ್ಲುವುದು ಹೇಗೆ?

ಸಿಲ್ ಕಿತ್ತು ಹಾಕಿ, ಪರಸಿ, ಅಂದರೆ ಸುಣ್ಣಗಲ್ಲಿನ ಹಾಸುಗಲ್ಲು, ಕೂಡಿಸಿ. ಅದು ಸಿಗುವ ತಾಂಡೂರು, ಶಹಾಬಾದ್ ಎರಡೂ ಭೀಮಾ ಬಯಲಿನ ಸುಣ್ಣಗಲ್ಲಿನ ನೆಲ. ಸಿಮೆಂಟು ಮಾಡುವುದೂ ಸುಣ್ಣಗಲ್ಲಿನಿಂದಲೇ. ಪದರುಪದರಾಗಿ ತಾನೇ ಏಳುವ ಕಲ್ಲನ್ನು ಪುಡಿಮಾಡಿ, ಸುಟ್ಟು, ಮತ್ತೆ ಹಾಸುಗಲ್ಲಿನ ಆಕಾರಕ್ಕೆ ಎರಕ ಹೊಯ್ದ ನಮ್ಮ ಜಾಣತನಕ್ಕೆ ಏನನ್ನೋಣ! ಹೊಳಪಿನ ಗ್ರಾನೈಟೂ ಬಾಳುತ್ತದೆ, ಆದರೆ ಮಣ್ಣುಬಣ್ಣದ ಗೋಡೆಗೆ ಅದರ ಮಿಂಚು ನನ್ನ ಕಣ್ಣಿಗೆ ಒಗ್ಗದು.

ಸಿಲ್ ಹೊರುವುದು ಕಿಟಕಿಯ ಭಾರವನ್ನಷ್ಟೆ, ಮೇಲಿನ ಗೋಡೆಯ ಭಾರ ಲಿಂಟಲಿನದು. ಹಾಗಾಗಿ ಲಿಂಟಲ್ ಮುಟ್ಟಬೇಡಿ. ಚೌಕಟ್ಟಿಗೆ ಆಸರೆ ಕೊಟ್ಟು, ಸಿಲ್ಲನ್ನು ನಡುವೆ ಕೊಯ್ದು ತುಂಡುತುಂಡಾಗಿ ತೆಗೆಸಿ. ಹೊಸ ಕಲ್ಲನ್ನು ಬೆರಳಿಂದ ಬಡಿದು ನೋಡಿ: ಖಣ್ಣೆಂದರೆ ಸರಿ, ಬದ್ದೆಂದರೆ ಪದರು ಬಿಟ್ಟಿದೆ. ಮಣ್ಣು-ಸುಣ್ಣದ ಗೋಡೆಯಾದರೆ ಸುಣ್ಣದ ಗಾರೆಯಲ್ಲೇ ಕೂಡಿಸಿ. ಹೊರಗೆ ಇಳಿಜಾರಿರಲಿ, ಕಲ್ಲು ಗೋಡೆಯಿಂದ ಎರಡು ಇಂಚು ಮುಂದೆ ಬರಲಿ. ಅದರ ಕೆಳಮೈಯಲ್ಲಿ, ಅಂಚಿನಿಂದ ಒಂದಿಂಚು ಒಳಗೆ, ಉದ್ದಕ್ಕೂ ಒಂದು ಕಾಲುವೆಗೆರೆ ಕೊರೆಸಿ. ಹನಿ ಅಲ್ಲಿಗೆ ಬಂದು ಕೆಳಗೆ ಬೀಳುತ್ತದೆ, ಗೋಡೆಗೆ ಹರಿಯದು. ಗೌಂಡಿಗಳು ಬಿಟ್ಟುಬಿಡುವುದು ಇದೊಂದನ್ನೇ. ಕಲ್ಲು ಕೂಡುವ ಮೊದಲೇ ನಿಂತು ನೋಡಿಕೊಳ್ಳಿ.

ತೊಳೆಯಲು ಆಸಿಡ್ ಬೇಡ, ಸುಣ್ಣಗಲ್ಲು ಕರಗುತ್ತದೆ. ಮಿರಗದ (ಮೃಗಶಿರಾ) ಮಳೆ ಜೂನ್ ಮೊದಲ ವಾರ ಕಳೆದರೆ ಬಂತೆಂದೇ ಲೆಕ್ಕ. ಕೆಲಸ ಬೇಸಿಗೆಯಲ್ಲೇ ಮುಗಿಸಿ, ಗಾರೆ ಒಣಗಿ ಬಿರಿಯದಂತೆ ಒಂದು ವಾರ ಒದ್ದೆ ಗೋಣಿ ಹೊದಿಸಿಡಿ.