ಹೆದ್ದಾರಿ ಪಕ್ಕದ ಮುದ್ದೆ ಹೋಟ್ಲು

ಪುಸ್ತಕಕ್ಕೆ, ನಾಟಕಕ್ಕೆ, ಸಿನಿಮಾಕ್ಕೆ ವಿಮರ್ಶೆ ಬರೀತಾರೆ. ಮುದ್ದೆ ಹೋಟ್ಲಿಗೆ ಯಾಕೆ ಬರೀಬಾರದು ಅಂತ ನಮ್ಮ ವಾಚನಾಲಯದಲ್ಲಿ ಮಾತು ಬಂತು. ಆ ಕೆಲಸ ನನ್ನ ಪಾಲಿಗೆ ಬಿತ್ತು.

ಶೂಲಗಿರಿಯಿಂದ ಹೊಸೂರಿಗೆ ಹೋಗೋ ಹೆದ್ದಾರಿ ಪಕ್ಕ ಒಂದು ಹಳೇ ಮುದ್ದೆ ಹೋಟ್ಲಿತ್ತು. ಹೆಸರು ಬೇಡ. ಗರಿಯ ಚಪ್ಪರ, ಎರಡು ಉದ್ದದ ಬೆಂಚು, ಮುಂದೆ ಮಣ್ಣಿನ ಜಗಲಿ. ಲಾರಿಯೋರು, ಸಂತೆಗೆ ಹೋದೋರು, ಕಲ್ಲು ಒಡೆಯೋರು ಎಲ್ಲಾ ಬರೋರು. ನಾವು ಮುದ್ದೆ ಅಂದ್ರೆ ತೆಲುಗಿನೋರು ಸಂಗಟಿ ಅನ್ನೋರು, ತಮಿಳಿನೋರು ಕಳಿ ಅನ್ನೋರು. ಮೂರಕ್ಕೂ ಪಾತ್ರೆ ಒಂದೇ. ಉಣ್ಣೋಕೆ ಕಾಲು ಗಂಟೆ, ಆಮೇಲೆ ಜಗಲಿ ಮೇಲೆ ಒಂದು ಗಂಟೆ. ನಾನು ಹಾಡೋ ತತ್ವಪದಗಳಲ್ಲಿ ಐದಾರು ಅಲ್ಲೇ ಕೂತು ಕಲಿತವು.

ನಮ್ಮ ಕಡೆ ಇಂಥ ಜಗಲಿಗೆ ಬೆಲೆ ಜಾಸ್ತಿ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು 1937ರಲ್ಲಿ ಮದರಾಸಿನ ಪ್ರಧಾನಿ ಆದಾಗ ಪಾನನಿಷೇಧವನ್ನ ಮೊದಲು ತಂದದ್ದು ಸೇಲಂ ಜಿಲ್ಲೆಗೆ. ಆಗ ಹೊಸೂರು ಸೇಲಂಗೇ ಸೇರಿತ್ತು. ನಡುವೆ ಹೆಂಡದಂಗಡಿ ತೆಗೆದರು, ಮುಚ್ಚಿದರು. 1987ರಿಂದ ತಮಿಳುನಾಡಲ್ಲಿ ಹೆಂಡ ಮಾರೋ ಹಾಗೇ ಇಲ್ಲ. ಈಗಿನ ಸರ್ಕಾರಿ ಟಾಸ್ಮಾಕ್‌ನಲ್ಲಿ ಯಾರೂ ಪದ ಹಾಡಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಬ್ ಅಂತ ಇರುತ್ತಲ್ಲ, ಅದು ‘ಪಬ್ಲಿಕ್ ಹೌಸ್’ ಅನ್ನೋದರ ಮೊಟಕು, ಎಲ್ಲರ ಮನೆ ಅಂತ ಅರ್ಥ ಅಂದ್ರು ನಮ್ಮ ಮೇಷ್ಟ್ರು. ಅಲ್ಲೂ ಎಷ್ಟೋ ಕಡೆ ಕುಡೀತಾ ಹರಟೋ ಜಾಗದಲ್ಲಿ ಊಟದ ಮೇಜು ಬಂದಿವೆಯಂತೆ. ನಮಗೆ ಎಲ್ಲರ ಮನೆ ಅಂದ್ರೆ ಟೀ ಅಂಗಡಿ, ಮುದ್ದೆ ಹೋಟ್ಲು, ಅಷ್ಟೇ.

ಈಗ ಆ ಹೋಟ್ಲನ್ನ ಹೊಸದಾಗಿ ಕಟ್ಟಿದ್ದಾರೆ. ಹೆಂಚಿನ ಮಾಡು, ಒಳಗೆ ಏಸಿ, ಮುಂದೆ ಕಾರು ನಿಲ್ಲಿಸೋ ಬಯಲು. ಮೊದಲು ಊಟದ ಮಾತು. ಮುದ್ದೆ ಚೆನ್ನಾಗಿತ್ತು, ಒಂದು ಗಂಟಿಲ್ಲ. ಎಸರು ಕುದಿಯುವಾಗ ಹಿಟ್ಟು ಸುರಿದು, ಅದು ಬೇಯೋ ತನಕ ಕೋಲು ಹಾಕದೆ ತಾಳ್ಮೆಯಿಂದ ಕಾದೋರು ಮಾಡಿದ ಮುದ್ದೆ ಅದು. ಹುರುಳಿಕಾಳು ಸಾರು ನಮ್ಮ ಮನೆಯದಕ್ಕೆ ಕಮ್ಮಿ ಇಲ್ಲ. ನಾಟಿಕೋಳಿ ಅಂತ ಕೊಟ್ಟದ್ದು ಮಾತ್ರ ಫಾರಂ ಕೋಳಿ. ಮೂಳೆ ಕಡಿದ್ರೆ ಹಲ್ಲೇ ಹೇಳುತ್ತೆ. ಮುದ್ದೆ ಜೊತೆ ಚಮಚ ಇಟ್ಟಿದ್ರು. ತುಪ್ಪ ಹಾಕಲಿ, ಬೇಡ ಅನ್ನಲ್ಲ, ಆದ್ರೆ ಚಮಚ ಯಾಕೆ? ಮುದ್ದೆ ಆರಿದೆಯಾ ಸುಡುತ್ತಾ ಅಂತ ಬೆರಳಿಗೆ ಗೊತ್ತಾಗಬೇಕು. ಮುರಿದು, ಸಾರಲ್ಲಿ ಹೊರಳಿಸಿ, ನುಂಗಬೇಕು. ಪಕ್ಕದ ಮೇಜಿನ ಮಗು ಅಗೀತಾ ಕೂತಿತ್ತು, ಪಾಪ.

ಇನ್ನೊಂದು ಮಾತು ನ್ಯಾಯವಾಗಿ ಹೇಳಬೇಕು. ಹಳೇ ಹೋಟ್ಲಿಗೆ ಹೆಂಗಸರು ಕಾಲಿಡುತ್ತಿರಲಿಲ್ಲ. ಎಲ್ಲರ ಮನೆ ಅಂತ ನಾವು ಅಂದದ್ದು ಬರೀ ಗಂಡಸರ ಮನೆ. ಈಗ ಅತ್ತೆ ಸೊಸೆ ಎದುರುಬದುರು ಕೂತು ತಲೆಮಾಂಸ ತಿಂತಾರೆ. ಕೈ ತೊಳೆಯೋ ಜಾಗ, ಕಕ್ಕಸು ಎಲ್ಲಾ ಚೊಕ್ಕ. ಹಳೇದೇ ಚೆಂದ ಅಂತ ಅಳೋರು ಇದನ್ನ ಮರೀಬಾರದು.

ನನಗೆ ಸಿಟ್ಟು ಬಂದದ್ದು ಬೀಸೋಕಲ್ಲಿನ ಹತ್ತಿರ. ಬಾಗಿಲಲ್ಲೇ ಒಂದು ಬೀಸೋಕಲ್ಲು ಇಟ್ಟು ದೀಪ ಬಿಟ್ಟಿದ್ದಾರೆ. ಮೇಲಿನ ಕಲ್ಲು ಮಗುಚಿ ಕೂತಿದೆ, ಗೂಟ ಇಲ್ಲ, ಅದರ ಮೇಲೆ ಸೋಂಪಿನ ತಟ್ಟೆ. ಹಳ್ಳಿ ಸಾಮಾನು ತೋರಿಸೋರು ಹಳ್ಳಿಯೋರನ್ನ ಒಂದು ಮಾತು ಕೇಳಬಹುದಿತ್ತು. ಮೇಲುಗಡೆ ಸ್ಪೀಕರ್‌ನಲ್ಲಿ ಬೀಸೋ ಪದ, ಹಿಂದೆ ಡ್ರಮ್ಮು, ಓಡುತ್ತಿದೆ! ಬೀಸೋ ಪದ ಓಡೋದಿಲ್ಲ ಸ್ವಾಮಿ. ಇಬ್ಬರು ಹೆಂಗಸರು ಎದುರುಬದುರು ಕೂತು ಗೂಟ ಹಿಡಿದು ತಿರುಗಿಸುವಾಗ ಕಲ್ಲು ಎಷ್ಟು ಬೇಗ ತಿರುಗುತ್ತೋ ಅಷ್ಟೇ ಪದದ ನಡೆ. ಹಿಡಿ ರಾಗಿ ಹಾಕೋಕೆ ಒಬ್ಬಳು ಕೈ ಬಿಟ್ಟಾಗ ದನಿಯೂ ಚೂರು ನಿಧಾನ ಆಗುತ್ತೆ, ಇನ್ನೊಬ್ಬಳು ಅಲ್ಲಿ ಎತ್ತಿಕೊಳ್ತಾಳೆ. ನನ್ನವ್ವ ಹಾಡೋದು ಕೇಳಿದೋನು ನಾನು. ಮಿಲ್ಲು ಬಂದ ಮೇಲೆ ಕಲ್ಲು ಮೂಲೆ ಸೇರಿತು, ಅದು ಸರಿ, ತೋಳು ನೋವು ಯಾರಿಗೆ ಬೇಕು? ಪದ ಉಳಿಯಲಿ ಅಂದ್ರೆ ನಡೆಯೂ ಉಳೀಬೇಕು. ನಡೆ ಹೋದ ಮೇಲೆ ಅದು ಮದುವೆ ಮನೆ ಬ್ಯಾಂಡು.

ಉಂಡಾದ ಮೇಲೆ ಕೂತ್ಕೊಳ್ಳೋಕೆ ಜಾಗ ಹುಡುಕಿದೆ. ಜಗಲಿ ಇದ್ದ ಕಡೆ ಹೂವಿನ ಕುಂಡ. ಬಡಿಸಿದ ಹುಡುಗ ಉತ್ತರದ ಕಡೆಯೋನು, ಮರ್ಯಾದಸ್ಥ, ಕೇಳದೇ ಬಿಲ್ಲು ತಂದಿಟ್ಟ. ಹಿಂದೆ ನಾಲ್ಕು ಜನ ಕುರ್ಚಿಗೆ ಕಾಯುತ್ತಾ ನಿಂತಿದ್ರು, ಎದ್ದುಬಿಟ್ಟೆ. ಬೋರ್ಡು ಇಂಗ್ಲಿಷಲ್ಲಿ, ತಮಿಳಲ್ಲಿ. ಕನ್ನಡ, ತೆಲುಗು ಇಲ್ಲ. 2023ರಲ್ಲಿ ವಿಶ್ವಸಂಸ್ಥೆಯೋರು ಸಿರಿಧಾನ್ಯದ ವರ್ಷ ಮಾಡಿದ್ರಲ್ಲ, ಅದರ ಚಿತ್ರ ಗೋಡೆ ಮೇಲಿದೆ. ರಾಗಿ ಬೆಳೆಯೋ ರೈತ ಅಲ್ಲಿ ಚಿತ್ರದಲ್ಲಿದ್ದಾನೆ, ಕುರ್ಚಿ ಮೇಲೆ ನಾನೊಬ್ಬನೇ ಕಂಡೆ.

ಯಜಮಾನರು ಇದನ್ನ ಓದಿದ್ರೆ ಒಂದು ಕೋರಿಕೆ: ಕುಂಡಗಳನ್ನ ಪಕ್ಕಕ್ಕೆ ಸರಿಸಿ ಹತ್ತಡಿ ಜಗಲಿ ಕಟ್ಟಿಸಿ, ಹೆಂಗಸರೂ ಕೂರೋ ಹಾಗೆ. ಬೀಸೋಕಲ್ಲು ಸರಿಮಾಡೋಕೆ ನಾನೇ ಬರ್ತೀನಿ, ಕೂಲಿ ಬೇಡ. ಓದುಗರು ಹೋಗೋದಾದ್ರೆ ವಾರದ ದಿನ ಹೋಗಿ, ಭಾನುವಾರ ಬೆಂಗಳೂರಿನ ಕಾರುಗಳೇ ತುಂಬಿರುತ್ತೆ. ಹುರುಳಿಕಾಳು ಸಾರು ಕೇಳಿ. ಚಮಚ ವಾಪಸ್ಸು ಕೊಡಿ.