ನೆರೆನಾಡಿನ ಮೇಲೆ ಒಲವು, ಕರುಬು, ಮುನಿಸು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದರು. ಹತ್ತಿರದ ಬೆಟ್ಟ ಹೇಗೆ ಕಾಣುತ್ತದೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ಬಂಗಾಳದ ವಿಷಯದಲ್ಲಿ ಕನ್ನಡಿಗನಿಗೆ ಇರುವುದು ಒಂದೇ ಭಾವ, ಗೌರವ. ಕಾಶ್ಮೀರದ ವಿಷಯದಲ್ಲಿಯೂ ಒಂದೇ, ಬೆರಗು. ತಮಿಳುನಾಡಿನ ಮಾತು ಬಂತೆಂದರೆ ಹಾಗಲ್ಲ. “ಭಾಷಾಭಿಮಾನವನ್ನು ಅವರಿಂದ ಕಲಿಯಬೇಕು ಸ್ವಾಮಿ” ಎಂದವರೇ ಮರುಗಳಿಗೆಯಲ್ಲಿ “ಆ ದುರಭಿಮಾನ ಮಾತ್ರ ನಮಗೆ ಬೇಡಪ್ಪ” ಎನ್ನುತ್ತಾರೆ. ಒಲವು, ಕರುಬು, ಮುನಿಸು ಮೂರೂ ಒಂದೇ ಬಾಯಿಂದ, ಒಂದೇ ಲೋಟ ಕಾಫಿ ಮುಗಿಯುವುದರೊಳಗೆ ಹೊರಬೀಳುತ್ತವೆ.

ನಾನು ಬಂಗಾರಪೇಟೆಯಲ್ಲಿ ಕನ್ನಡ ಪಾಠ ಹೇಳುವವನು. ಇಲ್ಲಿಂದ ಒಂದು ದಿಕ್ಕಿಗೆ ಬಸ್ಸು ಹತ್ತಿದರೆ ಆಂಧ್ರ, ಇನ್ನೊಂದು ದಿಕ್ಕಿಗೆ ಹತ್ತಿದರೆ ತಮಿಳುನಾಡು. ರೈಲು ಹತ್ತಿ ಮಾರಿಕುಪ್ಪದ ಕಡೆ ಹೋದರೆ ಗಡಿಯನ್ನು ದಾಟದೆಯೇ ತಮಿಳು ಕಿವಿಗೆ ಬೀಳುತ್ತದೆ. ಆದ್ದರಿಂದ ಈ ಮೂರು ಭಾವಗಳ ಬೆಲೆ ಎಷ್ಟೆಂದು ತೂಗಿ ನೋಡುವುದಕ್ಕೆ ಇದು ತಕ್ಕ ಸ್ಥಳ. ತೂಗುವ ಕೆಲಸವನ್ನು ರಾಜಕಾರಣಿಗಳಿಗೆ ಬಿಡದೆ, ನಮ್ಮ ಸಾಹಿತ್ಯವನ್ನೇ ತಕ್ಕಡಿಯಾಗಿ ಇಟ್ಟುಕೊಂಡರೆ ಹೇಗೆ?

ಮೊದಲು ಒಲವಿನ ಮಾತು. ಕನ್ನಡ ಸಾಹಿತ್ಯದಲ್ಲಿ ತಮಿಳುನಾಡನ್ನು ಹರಿಹರನಷ್ಟು ಪ್ರೀತಿಸಿದವರು ಇನ್ನೊಬ್ಬರಿಲ್ಲ. ಅವನ ರಗಳೆಗಳಲ್ಲಿ ಬರುವ ಪುರಾತನ ಶರಣರು ಬಹುಮಟ್ಟಿಗೆ ತಮಿಳು ನೆಲದ ಶಿವಭಕ್ತರು. ‘ನಂಬಿಯಣ್ಣನ ರಗಳೆ’ಯ ನಾಯಕ ತಮಿಳರ ಸುಂದರಮೂರ್ತಿ ನಾಯನಾರರು. ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಸೋಲಿಸಿ ತಲಕಾಡನ್ನು ಹಿಡಿದು, ‘ತಲಕಾಡುಗೊಂಡ’ ಎಂಬ ಬಿರುದು ಧರಿಸಿ ಬಹಳ ಕಾಲವೇನೂ ಕಳೆದಿರಲಿಲ್ಲ. ಅರಸರ ಕತ್ತಿಗಳ ಸದ್ದು ಹರಿಹರನ ಕಿವಿಗೆ ಬಿದ್ದಿರಲೇಬೇಕು. ಆದರೂ ಅವನ ನಂಬಿಯಣ್ಣ ಹೊರನಾಡಿನವನಂತೆ ನಡೆಯುವುದಿಲ್ಲ. ನಮ್ಮ ಮನೆಯ ಹುಡುಗನಂತೆ ಹಟ ಮಾಡುತ್ತಾನೆ, ಪ್ರೇಮಿಸುತ್ತಾನೆ, ದೇವರೊಡನೆ ಜಗಳವಾಡುತ್ತಾನೆ. ಇಂದಿಗೂ ಧನುರ್ಮಾಸದ ಚಳಿಯಲ್ಲಿ ಮೇಲುಕೋಟೆಯಂಥ ಕ್ಷೇತ್ರಗಳಲ್ಲಿ ಆಂಡಾಳಿನ ತಿರುಪ್ಪಾವೈ ಕೇಳಿಬರುತ್ತದೆ. ಅದನ್ನು ಕೇಳುತ್ತ ನಿಂತ ಭಕ್ತರು ಪರಭಾಷೆಯೆಂದು ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ.

ಕರುಬು ಇಷ್ಟು ಹಳೆಯದಲ್ಲ. ಅದು ನಮ್ಮ ಕಾಲದ ಕೂಸು. 1965ರಲ್ಲಿ ಹಿಂದಿಯ ವಿರುದ್ಧ ಮದರಾಸು ಎದ್ದು ನಿಂತಾಗ ನಮ್ಮವರು ಹೆಮ್ಮೆಯಿಂದಲೂ ಅಳುಕಿನಿಂದಲೂ ಅದನ್ನು ನೋಡಿದರು. ಅವರು ತಮ್ಮ ರಾಜ್ಯಕ್ಕೆ ತಮಿಳುನಾಡೆಂದು ಹೆಸರಿಟ್ಟುಕೊಂಡದ್ದು 1969ರಲ್ಲಿ. ನಾವು ಮೈಸೂರನ್ನು ಕರ್ನಾಟಕವೆಂದು ಕರೆದದ್ದು 1973ರಲ್ಲಿ. ಕೇಂದ್ರ ಸರ್ಕಾರ ತಮಿಳಿಗೆ ಶಾಸ್ತ್ರೀಯ ಭಾಷೆಯ ಪಟ್ಟ ಕೊಟ್ಟದ್ದು 2004ರಲ್ಲಿ. ಕನ್ನಡಕ್ಕೆ ಅದು ದೊರೆತದ್ದು 2008ರಲ್ಲಿ. ಎರಡು ಸಲವೂ ನಾಲ್ಕು ವರ್ಷ ಹಿಂದೆ! ಅಣ್ಣನ ಅಂಗಿ ಹೊಲಿಸಿದ ಮೇಲೆ ತಮ್ಮ ತನಗೂ ಬೇಕೆಂದು ಹಟ ಹಿಡಿದಂತೆ ನಮ್ಮ ಎಷ್ಟೋ ಭಾಷಾ ಚಳವಳಿಗಳು ನಡೆದಿವೆ. ಇದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ನೆರೆಯವರನ್ನು ನೋಡಿ ಹೊಲ ಉತ್ತರೆ ಪೈರು ನಮಗೇ ತಾನೆ ದಕ್ಕುವುದು?

ಆದರೆ ಈ ಕರುಬಿನಲ್ಲಿ ಒಂದು ಕುರುಡು ಇದೆ. ತಮಿಳರ ಬಲವೆಂದು ನಾವು ಕರುಬುವುದು ಅವರ ಕಟ್ಟುನಿಟ್ಟನ್ನು, ತಮ್ಮದನ್ನು ಬಿಟ್ಟುಕೊಡದ ಬಿಗಿಯನ್ನು. ಕನ್ನಡದ ಬಲ ಬಂದದ್ದು ಬೇರೆ ದಾರಿಯಿಂದ. ಈ ಊರಿಗೆ ನೆರೆಯ ಮಾಲೂರು ತಾಲ್ಲೂಕಿನ ಮಾಸ್ತಿಯನ್ನೇ ನೋಡೋಣ. ಆ ಊರಿನ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಕನ್ನಡದ ಸಣ್ಣಕತೆಗೆ ತಾಯಿಬೇರು ಅವರೇ. ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟವರೂ ಅವರೇ. ಮಾಸ್ತಿ ಕನ್ನಡದ ಆಸ್ತಿ ಎಂದು ಶಾಲೆಯ ಮಕ್ಕಳೂ ಬಲ್ಲರು. ಕನ್ನಡ ರಂಗಭೂಮಿಯ ನಾಲಗೆಯನ್ನೇ ಬದಲಿಸಿದ ಕೈಲಾಸಂ ತಮಿಳು ಮನೆತನದವರು; ಮೇಲುಕೋಟೆಯ ಪು.ತಿ.ನ. ಅವರ ಮನೆಯ ಮಾತೂ ತಮಿಳೇ. ಇವರನ್ನೆಲ್ಲ ಕನ್ನಡ ಯಾವ ಪರೀಕ್ಷೆಗೂ ಒಡ್ಡದೆ ಮಡಿಲಿಗೆ ಹಾಕಿಕೊಂಡಿತು. ಅವರೂ ಮನೆಯ ಮಾತನ್ನು ಮನೆಯಲ್ಲಿಯೇ ಉಳಿಸಿಕೊಂಡು ಕನ್ನಡವನ್ನು ಬೆಳೆಸಿದರು. ನೆರೆಮನೆಯ ಬೇಲಿಯನ್ನು ನೋಡಿ ಕರುಬುವ ನಾವು ನಮ್ಮ ತೆರೆದ ಬಾಗಿಲಿನಿಂದ ಬಂದ ಸಂಪತ್ತನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಇನ್ನು ಮುನಿಸು. ಅದಕ್ಕೆ ಕಾರಣಗಳಿಲ್ಲವೆಂದು ಯಾರೂ ಹೇಳಲಾರರು. 1892 ಮತ್ತು 1924ರ ಒಪ್ಪಂದಗಳು ಸಾರ್ವಭೌಮ ಬ್ರಿಟಿಷರ ಮದರಾಸಿಗೂ ಅವರ ಅಧೀನದ ಮೈಸೂರಿಗೂ ಆದವು. ಆ ತಕ್ಕಡಿ ಸಮನಾಗಿತ್ತೆಂದು ನಂಬುವ ಕನ್ನಡಿಗ ಸಿಕ್ಕುವುದು ಕಷ್ಟ. ಕಾವೇರಿಯ ಮಾತು ಹಾಗಿರಲಿ, ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರಿನ ಮೇಲೂ 1892ರ ಒಪ್ಪಂದದ ಕೈ ಇದೆ. ಕೆರೆ ಬತ್ತಿದ ನಾಡಿನವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ನ್ಯಾಯವಾದ ತಕರಾರು 1991ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದಾಗ ಅದರ ಪೆಟ್ಟು ಬಿದ್ದದ್ದು ಒಪ್ಪಂದ ಬರೆದವರ ಮೇಲಲ್ಲ. ಕೂಲಿನಾಲಿ ಮಾಡಿ ಬದುಕುತ್ತಿದ್ದ ಬಡ ತಮಿಳರ ಮೇಲೆ. 2016ರಲ್ಲಿ ಮತ್ತೆ ಬಸ್ಸು ಲಾರಿಗಳು ಉರಿದವು.

ಮುನಿಸಿಗೆ ಸಾಹಿತ್ಯದ ಗೌರವ ತಂದುಕೊಟ್ಟ ಒಂದು ಪುಸ್ತಕ ಕನ್ನಡದಲ್ಲಿದೆ: ಬಿ.ಜಿ.ಎಲ್. ಸ್ವಾಮಿಯವರ ‘ತಮಿಳು ತಲೆಗಳ ನಡುವೆ’. ನಮ್ಮ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಮಗ ಇವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದು ಪ್ರಾಂಶುಪಾಲರೂ ಆದವರು. ಎಲ್ಲಕ್ಕಿಂತ ತಮಿಳೇ ಹಳೆಯದು, ಎಲ್ಲವೂ ತಮಿಳಿನಿಂದಲೇ ಬಂದದ್ದು ಎಂಬ ಅತಿಯ ವಾದಗಳನ್ನು ಅವರು ಆ ಪುಸ್ತಕದಲ್ಲಿ ನಗೆಯ ಒರಳಿಗೆ ಹಾಕಿ ಅರೆದುಬಿಡುತ್ತಾರೆ. ಅದನ್ನು ಓದಿ ಬಿದ್ದು ಬಿದ್ದು ನಗದ ಕನ್ನಡ ಮೇಷ್ಟರು ವಿರಳ. ಆದರೆ ನಕ್ಕ ಮೇಲೆ ಒಂದು ಮಾತನ್ನು ಯೋಚಿಸಬೇಕು. ಸ್ವಾಮಿಯವರ ಕುಹಕಕ್ಕೆ ಆ ಹರಿತ ಎಲ್ಲಿಂದ ಬಂತು? ಅವರು ತಮಿಳಿನ ವಾದಗಳನ್ನು ತಮಿಳಿನ ಆಧಾರಗಳಿಂದಲೇ ಎದುರಿಸಿದರು. ಶಾಸನಗಳ ಅಧ್ಯಯನ ಅವರಿಗೆ ಬಾಯಿಮಾತಿನ ಹವ್ಯಾಸವಾಗಿರಲಿಲ್ಲವೆಂಬುದಕ್ಕೆ ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಅವರ ಇನ್ನೊಂದು ಪುಸ್ತಕವೇ ಸಾಕ್ಷಿ. ಅವರು ಆ ತಲೆಗಳ ನಡುವೆ ಬಾಳಿದರು, ಆ ತಲೆಗಳ ಒಳಗೆ ಏನಿದೆಯೆಂದು ತಿಳಿದರು, ಆಮೇಲೆ ನಕ್ಕರು. ನಾವು ಅವರ ನಗೆಯನ್ನು ಮಾತ್ರ ಎರವಲು ತಂದುಕೊಂಡು, ಅವರು ಪಟ್ಟ ಪಾಡನ್ನು ಮದರಾಸಿನಲ್ಲಿಯೇ ಬಿಟ್ಟು ಬಂದೆವು.

ಈ ಹೋಲಿಕೆಯಿಂದ ನನಗೆ ಸಿಕ್ಕುವ ಅಳತೆಗೋಲು ಇಷ್ಟು. ಹರಿಹರ ತಿಳಿದು ಒಲಿದ. ಸ್ವಾಮಿ ತಿಳಿದು ಮುನಿದರು. ಇಬ್ಬರ ದಾರಿಯೂ ಸಾಹಿತ್ಯದ ದಾರಿಯೇ. ತಿಳಿಯದೆ ಒಲಿಯುವುದೂ ಮುನಿಯುವುದೂ ಬೇರೆ ಜಾತಿಯವು. ಅದಕ್ಕೆ ಒಂದು ಉದಾಹರಣೆ ಬೆಂಗಳೂರಿನ ಹಲಸೂರಿನಲ್ಲಿಯೇ ನಿಂತಿದೆ. ಅಲ್ಲಿನ ತಿರುವಳ್ಳುವರ್ ವಿಗ್ರಹ 1991ರಿಂದ 18 ವರ್ಷ ಮುಸುಕು ಹೊದ್ದುಕೊಂಡಿದ್ದು 2009ರ ಆಗಸ್ಟ್ 9ರಂದು ಅನಾವರಣವಾಯಿತು. ನಾಲ್ಕು ದಿನಗಳ ಮೇಲೆ ಚೆನ್ನೈಯಲ್ಲಿ ನಮ್ಮ ಸರ್ವಜ್ಞ ನಿಂತ. ಒಳ್ಳೆಯದೇ ಆಯಿತು. ಆದರೆ ಒತ್ತೆಯಾಳುಗಳನ್ನು ಅದಲುಬದಲು ಮಾಡಿಕೊಂಡಂತೆ ಕವಿಗಳನ್ನು ಅದಲುಬದಲು ಮಾಡಿಕೊಂಡ ಎರಡು ನಾಡುಗಳಲ್ಲಿ, ಆ ಕವಿಗಳನ್ನು ಓದಿದವರು ಎಷ್ಟು ಮಂದಿ ಹೆಚ್ಚಾದರು? ಕಲ್ಲಿಗೆ ಹಾಕಿದ ಮುಸುಕನ್ನು ತೆಗೆಯುವುದು ಸುಲಭ. ಕುರಳು ಕನ್ನಡಕ್ಕೆ ಬಂದಿದೆ, ಅಂಗಡಿಯಲ್ಲಿ ಸಿಕ್ಕುತ್ತದೆ. ಕೊಂಡವರ ಕೈ ಮಾತ್ರ ಕಾಣುವುದಿಲ್ಲ.

ಇಷ್ಟು ಹೊತ್ತು ನೆರೆಯ ರಾಜ್ಯದ ಮಾತಾಯಿತು. ನಿಜವಾದ ಪರೀಕ್ಷೆ ಇರುವುದು ನಮ್ಮ ಮನೆಯೊಳಗೆ, ಚಿನ್ನದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಅಗೆಯತೊಡಗಿದ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ ಜನ ಬಂದರು. ಅವರಲ್ಲಿ ಬಹುಮಂದಿ ಹಳ್ಳಿಯ ಜಮೀನುದಾರರ ಕಾಲಡಿಯಿಂದ ತಪ್ಪಿಸಿಕೊಂಡು ಬಂದ ದಲಿತರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ. ಆ ಕಾವೇರಿಯ ಬಲದಿಂದ ಉರಿದ ದೀಪದ ಕೆಳಗೆ, ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ಮೈಸೂರಿನ ಬೊಕ್ಕಸವನ್ನು ತುಂಬಿದವರು ಇವರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆಮೇಲೆ ಅವು ಕೇಂದ್ರದ ಕೈಗೆ ಹೋದವು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದವು. ಈಗ ಆ ಲೈನ್ ಮನೆಗಳ ಮಕ್ಕಳು ಕತ್ತಲಿರುವಾಗಲೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ನಾಲ್ಕೈದು ತಲೆಮಾರು ಕರ್ನಾಟಕದಲ್ಲಿಯೇ ಹುಟ್ಟಿ ಕರ್ನಾಟಕದಲ್ಲಿಯೇ ಮಣ್ಣಾದ ಇವರನ್ನು ನಾವು ಇನ್ನೂ ‘ತಮಿಳುನಾಡಿನವರು’ ಎನ್ನುತ್ತೇವೆ. ಚೆನ್ನೈಯ ನೆಂಟರು ಇವರ ತಮಿಳನ್ನು ಕೇಳಿ ‘ಕರ್ನಾಟಕದವರು’ ಎಂದು ನಗುತ್ತಾರೆ.

1999ರ ಚುನಾವಣೆಯಲ್ಲಿ ಈ ಕ್ಷೇತ್ರದಿಂದ ಅಣ್ಣಾ ಡಿ.ಎಂ.ಕೆ. ಅಭ್ಯರ್ಥಿ ಗೆದ್ದಾಗ ಹುಬ್ಬೇರಿಸಿದವರುಂಟು. ಆದರೆ ಈ ಮಣ್ಣಿಗೆ ತಮಿಳು ಹೊಸದೆ? ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಗಣಿಯ ತಮಿಳಿಗೂ ತನ್ನದೇ ಆದ ಸಾಹಿತ್ಯಚರಿತ್ರೆಯಿದೆ. ದಲಿತರ ಬೌದ್ಧ ಮೂಲವನ್ನು ಸಾರಿದ, 1907ರಲ್ಲಿ ಮದರಾಸಿನಲ್ಲಿ ಪತ್ರಿಕೆ ತೆಗೆದ ಪಂಡಿತ ಅಯೋತಿದಾಸರು 1914ರಲ್ಲಿ ತೀರಿಕೊಂಡ ಮೇಲೆ ಅವರ ಬರೆಹಗಳನ್ನು ಅಚ್ಚು ಹಾಕಿ ಉಳಿಸಿದ್ದು ಈ ಗಣಿಯೂರಿನ ಸಿದ್ಧಾರ್ಥ ಪುಸ್ತಕಸಾಲೆ. ಇಂದು ತಮಿಳುನಾಡಿನ ವಿದ್ವಾಂಸರು ಅಯೋತಿದಾಸರನ್ನು ತಮ್ಮ ಆಧುನಿಕ ಚಿಂತನೆಯ ಮೂಲಪುರುಷರಲ್ಲೊಬ್ಬರೆಂದು ಓದುತ್ತಿದ್ದಾರೆ. ಆ ದೀಪಕ್ಕೆ ಎಣ್ಣೆ ಹೊಯ್ದದ್ದು ಕರ್ನಾಟಕದ ಗಣಿಕೂಲಿಗಳು. ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಇದಕ್ಕೆ ಒಂದು ಸಾಲಿನ ಸ್ಥಳವಾದರೂ ಇರಬಾರದಿತ್ತೆ?

ಕನ್ನಡ ಈ ಊರನ್ನು ಲೋಕಕ್ಕೆ ಸಾರಿದ್ದು 2018ರ ‘ಕೆ.ಜಿ.ಎಫ್.’ ಚಲನಚಿತ್ರದಿಂದ. ಅದು ಹಣ ತಂದಿತು, ಕೀರ್ತಿ ತಂದಿತು. ತಮಿಳರೂ ಮುಗಿಬಿದ್ದು ನೋಡಿದರು. ಕಲ್ಪನೆಯ ಕತೆಗೆ ಚರಿತ್ರೆಯ ಲೆಕ್ಕ ಒಪ್ಪಿಸೆಂದು ಕೇಳುವುದು ಅರಸಿಕತನವೆಂಬುದನ್ನು ಬಲ್ಲೆ. ಆದರೂ ಅದರ ಗಣಿಯಾಳುಗಳನ್ನು ನೋಡಿದಾಗ ವಿಮರ್ಶಕನಿಗೆ ಕಸಿವಿಸಿಯಾಗುತ್ತದೆ. ಅವರು ಬಾಯಿಲ್ಲದ ಮಂದೆ. ಹೊರಗಿನಿಂದ ಬರುವ ವೀರನಿಗಾಗಿ ಕಾದು ಕುಳಿತವರು. ನಿಜವಾದ ಗಣಿಯವರು ಯಾರಿಗಾಗಿಯೂ ಕಾಯಲಿಲ್ಲ. 1930ರಲ್ಲಿಯೇ ಟೇಲರ್ ಕಂಪೆನಿಯ ವಿರುದ್ಧ ಒಟ್ಟಾಗಿ ಮುಷ್ಕರ ಹೂಡಿದವರು ಅವರು. ಬೆರಳಚ್ಚು ಕೊಡಲಾರೆವೆಂದು ಹಟ ಹಿಡಿದ ಆ ಜನರ ಕತೆಯಲ್ಲಿ ವೀರರಸಕ್ಕೆ ಏನು ಕೊರತೆಯಿತ್ತು?

ಒಮ್ಮೆ ಬಿ.ಎ. ತರಗತಿಯಲ್ಲಿ ಒಂದು ನಾಡಗೀತವನ್ನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಗಣಿಯ ಕಡೆಯ ಹುಡುಗಿಯೊಬ್ಬಳು ಎದ್ದು, “ಸಾರ್, ಈ ಪದ್ಯದಲ್ಲಿ ‘ನಮ್ಮ’ ಅಂತ ಬರುತ್ತಲ್ಲ, ಅದರಲ್ಲಿ ನಾವೂ ಇದ್ದೀವಾ?” ಎಂದು ಕೇಳಿದಳು. ಅಣಕವಿರಲಿಲ್ಲ, ಪರೀಕ್ಷೆಗೆ ಏನು ಬರೆಯಬೇಕೆಂಬ ಸಂದೇಹವಷ್ಟೆ. “ಇದ್ದೀಯಮ್ಮ, ಖಂಡಿತ” ಎಂದೆ. ಅವಳು ಬರೆದುಕೊಂಡಳು. ಆದರೆ ನನ್ನ ಉತ್ತರ ಮೇಷ್ಟರ ಉತ್ತರ. ಅವಳಿಗೆ ಬೇಕಾದದ್ದು ಸಾಹಿತ್ಯದ ಉತ್ತರ. ಅವಳ ಅಜ್ಜ ಕನ್ನಡದ ಕಾದಂಬರಿಯೊಂದರಲ್ಲಿ ಗಣಿಗೆ ಇಳಿದು ಮೇಲೆ ಬಂದರೆ, ಅವಳ ಅಜ್ಜಿ ಕನ್ನಡದ ಕತೆಯೊಂದರಲ್ಲಿ ತನ್ನ ತಮಿಳಿನಲ್ಲಿಯೇ ಗೊಣಗಿದರೆ, ಆ ಪ್ರಶ್ನೆಯನ್ನು ಅವಳು ಕೇಳಬೇಕಾಗುತ್ತಿರಲಿಲ್ಲ.

ಹೀಗೆ ಬರೆಯುವುದಕ್ಕೆ ನಮಗೆ ಪರಂಪರೆಯ ಅಪ್ಪಣೆಯೂ ಇದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರ ಕನ್ನಡನಾಡಿಗೆ ಎಲ್ಲೆ ಹಾಕಿದ್ದನ್ನು ನಾವು ವೇದಿಕೆ ವೇದಿಕೆಯ ಮೇಲೆ ನೆನೆಯುತ್ತೇವೆ. ಅದೇ ಗ್ರಂಥದಲ್ಲಿ ಅವನು ನಿಜವಾದ ಚಿನ್ನ ಯಾವುದೆಂದೂ ಹೇಳಿದ್ದಾನೆ: ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಶಕ್ತಿಯೇ ಅದು. ತಮಿಳುನಾಡನ್ನು ಪ್ರೀತಿಸಿ ಎಂದು ನಾನು ಯಾರಿಗೂ ಉಪದೇಶ ಮಾಡುವುದಿಲ್ಲ. ನೀರಿನ ಲೆಕ್ಕದಲ್ಲಿ ಮುನಿಯುವವರು ಮುನಿಯಲಿ, ಭಾಷೆಯ ಲೆಕ್ಕದಲ್ಲಿ ಕರುಬುವವರು ಕರುಬಲಿ. ಮುನಿಯುವ ಮೊದಲು ಸ್ವಾಮಿಯವರಷ್ಟು ಓದಲಿ. ಕಾದಂಬರಿ ಬರೆಯುವ ನಮ್ಮ ತರುಣರು ಒಂದು ಬೆಳಗಿನ ಜಾವ ಬಂಗಾರಪೇಟೆಗೆ ಬಂದು ಮಾರಿಕುಪ್ಪದ ರೈಲಿಗಾಗಿ ನಿಲ್ದಾಣದಲ್ಲಿ ನಿಲ್ಲಲಿ. ಅದರಿಂದ ಇಳಿಯುವವರು ಕನ್ನಡನಾಡಿನವರು. ಅವರ ಕತೆ ಕನ್ನಡದ ಪಾಲಿಗೆ ಬರಬೇಕಾದ ಬಾಕಿ.